ಬಣ್ಣ ಇನ್ನೂ ಒಣಗಿಲ್ಲ

"ಗಂಗಾ ಅಂದ್ರ ನೀವ ಏನ್ರಿ? ಇದನ್ನ ನಕಲಿ ಅಂದವ್ರು?"

ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ ಗಂಗಾ ತಲೆಯೆತ್ತಿದಳು. ಎದುರಿಗೆ ಕಾರ್ಖಾನೆಯ ನೀಲಿ ಅಂಗಿ ತೊಟ್ಟ ಎತ್ತರದ ಯುವಕ. ತಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಅವಳ ಮೇಜಿನ ಮೇಲೆ ಮೆಲ್ಲಗೆ ಇಟ್ಟ. ಸಿಟ್ಟು ಮುಖದಲ್ಲಿತ್ತು, ಕೈಯಲ್ಲಿರಲಿಲ್ಲ.

ಗಂಗಾ ಆ ಕಚೇರಿಯ ಗುಮಾಸ್ತೆ. ಆದರೆ ಭಾನುವಾರ ಬಂದರೆ ಬೇರೆಯೇ ಹುಡುಗಿ. ಕಾಮಿಕ್ಸು, ಕಾರ್ಟೂನುಗಳ ವೀರರ ಗೊಂಬೆಗಳನ್ನು ಕೂಡಿಡುವುದು ಅವಳ ಹುಚ್ಚು. ಜನ ಕಳಿಸಿದ ಫೋಟೋ ನೋಡಿ, ಯಾವುದು ಅಸಲಿ, ಯಾವುದು ನಕಲಿ, ಬಣ್ಣ ಹೇಗಿದೆ, ಕೀಲು ಹೇಗಿದೆ ಎಂದು ವಿಡಿಯೋದಲ್ಲಿ ಹೇಳುತ್ತಿದ್ದಳು. ಗೊಂಬೆ ಕೂಡಿಡುವವರಲ್ಲಿ ಅವಳ ಮಾತಿಗೆ ಬೆಲೆಯಿತ್ತು.

"ಫೋಟೋ ನೋಡಿ ಹೇಳಿದ್ರಿ. ಈಗ ಕೈಯಾಗ ಹಿಡಿದು ಹೇಳ್ರಿ," ಎಂದ ಅವನು.

ಪೆಟ್ಟಿಗೆಯಲ್ಲಿ ನೀಲಿ ರೆಕ್ಕೆಯ ಯೋಧೆಯ ಮೂರ್ತಿಯಿತ್ತು. ಗಂಗಾ ತೂಕ ನೋಡಿದಳು. ಪಾದದಡಿಯ ಕಂಪನಿಯ ಮುದ್ರೆ ನೋಡಿದಳು. ಅಸಲಿ! ಬಲರೆಕ್ಕೆಯೊಂದೇ ಕಂಪನಿಯದ್ದಲ್ಲ. ಯಾರೋ ಕೈಯಿಂದ ಮಾಡಿ, ಒಂದೊಂದೇ ಗರಿಗೆ ಬಣ್ಣ ತುಂಬಿದ್ದರು.

"ರೆಕ್ಕಿ ಯಾರು ಮಾಡ್ಯಾರ?"

"ನಾನ. ಬಿದ್ದು ಮುರಿದಿತ್ತು, ನಾಕು ತಿಂಗಳು ಕುಂತು ಮಾಡೀನಿ. ನನ್ನ ಕೆಲಸ ಹೆಂಗೈತಿ ಹೇಳ್ರಿ ಅಂತ ಬರೆದಿದ್ದೆ. ನೀವು ಓದ್ಲಿಲ್ಲ. ಈಗ ಎಲ್ಲಾರೂ ನನ್ನ ನಕಲಿ ಗಾಳೇಶ ಅಂತಾರ. ಕೊಪ್ಪಳದ ಗೊಂಬಿ ಪ್ರದರ್ಶನಕ್ಕೂ ಬ್ಯಾಡ ಅಂದಾರ."

ಅವನು ಪೆಟ್ಟಿಗೆ ಮುಚ್ಚಿಕೊಂಡು ಹೊರಟುಹೋದ.

ಸಂಜೆ ಗಂಗಾ ಅವನ ಸಂದೇಶವನ್ನು ಪೂರ್ತಿ ಓದಿದಳು. ರೆಕ್ಕೆ ಮುರಿದದ್ದು, ತಾನೇ ಹೊಸದು ಮಾಡಿದ್ದು, ಎಲ್ಲವೂ ಕೊನೆಯಲ್ಲಿ ಇತ್ತು. 'ಫೋಟೋ ಒಂದೇ ನೋಡಿ ಒಬ್ಬರ ಮರ್ಯಾದಿ ಕಳೆದೆನಲ್ಲ...' ಅಂದೇ ಹೊಸ ವಿಡಿಯೋ ಮಾಡಿದಳು. "ತಪ್ಪು ನಂದು. ಪೂರ್ತಿ ಓದದ ಹೇಳಿಬಿಟ್ಟೆ. ಮೂರ್ತಿ ಅಸಲಿ. ಇಂಥಾ ಕೈಕೆಲಸ ನಾ ಎಲ್ಲೂ ನೋಡಿಲ್ಲ."

ಕೆಲವರು ನಕ್ಕರು, ಕೆಲವರು ಅವಳನ್ನು ನಂಬುವುದನ್ನೇ ಬಿಟ್ಟರು. ಆದರೆ ಪ್ರದರ್ಶನದಲ್ಲಿ ಗಾಳೇಶನಿಗೊಂದು ಮೇಜು ಸಿಕ್ಕಿತು. ಅಲ್ಲಿ ಗಂಗಾ ಅವನೆದುರು ಬಂದು ನಿಂತಳು.

"ನನ್ನ ಹಂತೇಕ ಒಂದು ಗೊಂಬಿ ಐತ್ರಿ, ಕಾಲು ಮುರಿದೈತಿ. ರಿಪೇರಿ ಮಾಡ್ತೀರೇನು?"

ಗಾಳೇಶ ಅವಳನ್ನೇ ನೋಡಿದ. "ನನ್ನ ಮ್ಯಾಲೆ ಭರವಸಾ ಐತೇನ್ರಿ?"

"ಇಲ್ಲಂದ್ರ ಕೇಳ್ತಿದ್ದಿಲ್ಲ."

ಹಾಗೆ ಅವಳ ಭಾನುವಾರಗಳು ಗಾಳೇಶನ ಊರಾದ ಗಿಣಿಗೇರಾದ ಹಾದಿ ಹಿಡಿದವು. ಗಾಳೇಶನ ತಾಯಿ ಹುಲಗಮ್ಮ ಚಹಾ ಕೊಡುತ್ತಿದ್ದಳು. ಪಡಸಾಲೆಯಲ್ಲಿ ಅವನು ಕುಂಚ ಹಿಡಿದರೆ ಗಂಗಾ ಪಕ್ಕದಲ್ಲಿ ಕೂತು, ಈ ಕೆಂಪು ಸ್ವಲ್ಪ ಗಾಢವಾಯಿತು, ಈ ಮಂಡಿ ಸರಿಯಾಗಿದೆ ಎಂದು ಹೇಳುತ್ತಿದ್ದಳು. ಕೀಲಿನ ಮಾತು ಮುಗಿದ ಮೇಲೆ ಕಾರ್ಖಾನೆಯ ಮಾತು, ಕಚೇರಿಯ ಮಾತು... ಬಸ್ಸಿನ ಹೊತ್ತಾದರೂ ಮಾತು ಮುಗಿಯುತ್ತಿರಲಿಲ್ಲ.

"ಆತೇನ್ರಿ?" ಎಂದು ಅವಳು ಕೇಳಿದರೆ ಪ್ರತಿಸಲವೂ ಅವನದು ಅದೇ ಉತ್ತರ.

"ಬಣ್ಣ ಇನ್ನೂ ಒಣಗಿಲ್ರಿ. ಮುಂದಿನ ವಾರ ಬರ್ರಿ."

ಒಂದು ಭಾನುವಾರ ಗಂಗಾ ಚಹಾ ಮುಟ್ಟಲಿಲ್ಲ. "ಗುರುವಾರ ಕುಷ್ಟಗಿಯಿಂದ ನನ್ನ ನೋಡಾಕ ಬರ್ತಾರ," ಎಂದಳು. 'ಏನಾದರೂ ಹೇಳು... ಒಂದೇ ಒಂದು ಮಾತು.'

ಗಾಳೇಶ ಬಹಳ ಹೊತ್ತು ಕುಂಚ ತೊಳೆದ. ಆಮೇಲೆ ಎದ್ದು ಗೊಂಬೆ ತಂದು ಅವಳ ಕೈಗಿಟ್ಟ. "ಛಲೋ ಆತು ಬಿಡ್ರಿ. ತಗೊಂಡು ಹೋಗ್ರಿ. ಮುಗಿದೈತಿ."

ಅವಳ ಕಣ್ಣು ತುಂಬಿತು. ಗೊಂಬೆ ಹಿಡಿದು ಹೊಸ್ತಿಲವರೆಗೆ ನಡೆದಳು. ಬೆರಳು ರೂಢಿಯಂತೆ ಅದರ ಕಾಲಿನ ಮೇಲೆ ಆಡಿತು. ಬಣ್ಣದ ವಾಸನೆಯಿಲ್ಲ, ಅಂಟಿಲ್ಲ. ಅವಳು ತಿರುಗಿದಳು.

"ಗಾಳೇಶ, ಇದು ಒಣಗಿ ಮೂರು ವಾರ ಆಗೈತಿ."

ಅವನು ತಲೆ ತಗ್ಗಿಸಿದ. "ಹೌದು... ಒಣಗೈತಿ ಅಂದ್ರ ನೀವು ಬರೂದು ನಿಲ್ಲಸ್ತಿದ್ರಲ್ಲ. ನಿಮ್ಮನ್ನ ನೋಡದ ನನ್ನ ವಾರ ಕಳೆಯಂಗಿಲ್ರಿ. ಆದ್ರ ನೀವು ಸರಕಾರಿ ನೌಕರಿಯವ್ರು, ನಾ ಕಾರ್ಖಾನಿ ಆಳು. ಹೆಂಗ ಕೇಳಲಿ?"

"ಮೂರು ವಾರದ ಹಿಂದನೂ ಮುಟ್ಟಿ ನೋಡಿದ್ದೆ. ಆಗೂ ಒಣಗಿತ್ತು."

"ಗೊತ್ತಿದ್ದೂ ಸುಮ್ಮನಿದ್ರೇನು?"

"ನನಗೂ ಬರೂದು ನಿಲ್ಲಸಾಕ ಮನಸಿದ್ದಿಲ್ಲ."

ಒಳಗೆ ಹುಲಗಮ್ಮನ ಬಳೆ ಸದ್ದಾಯಿತು. ಇಬ್ಬರೂ ನಕ್ಕರು. ಗಾಳೇಶ ಹತ್ತಿರ ಬಂದು, ಮೊದಲ ಬಾರಿಗೆ ಅವಳ ಕೈ ಹಿಡಿದ.

"ಗುರುವಾರದವ್ರಿಗೆ ಏನ್ ಹೇಳ್ತಿ, ಗಂಗಾ?"

"ಬರಬ್ಯಾಡ್ರಿ ಅಂತೀನಿ. ನೀವು ಯಾವಾಗ ಬರ್ತೀರಿ?"

"ನಾಳೆನ. ಅವ್ವನ್ನ ಕರ್ಕೊಂಡು."