ಹೂವಿನ ಕಾಲದ ಅಳತೆ

“ಈ ಸಲ ಮೊದಲ್ನೇ ಮಂಕರಿ ಗಂಗಾ ಹೊರೋದು ಬೇಡ. ಒಂದು ಗಾಡಿ ತಗೊಳ್ಳೋಣ. ಅನಿತಾನೇ ಓಡಿಸ್ಕೊಂಡು ಹೋಗ್ಲಿ!”

ನಡುಮನೆಯಿಂದ ಅತ್ತೆ ದೊಡ್ಡವೆಂಕಟಮ್ಮನವರ ಈ ಮಾತು ಕಿವಿಗೆ ಬಿದ್ದಾಗ ಗಂಗಾಲಕ್ಷ್ಮಿ ಒಲೆಯ ಮುಂದೆ ಮುದ್ದೆಗೆ ಹಿಟ್ಟು ತೊಳಸುತ್ತಿದ್ದಳು. ಕೋಲು ಕೈಯಲ್ಲಿ ಹಾಗೆಯೇ ನಿಂತುಹೋಯಿತು. ಇಪ್ಪತ್ತಮೂರು ವರ್ಷಗಳಲ್ಲಿ ಆ ಮನೆಯ ಮುದ್ದೆ ಒಂದು ದಿನವೂ ಗಂಟಾಗಿರಲಿಲ್ಲ. ಅಂದು ಗಂಟಾಯಿತು! ಊಟಕ್ಕೆ ಕೂತ ಗಂಡ ಅಮರನಾಥ್, “ಏನೇ ಇದು, ಮುದ್ದೇಲಿ ಗೋಲಿ ಆಡ್ಬೋದು,” ಎಂದು ನಕ್ಕ. ಹಾಲಿನ ಡೇರಿಯ ಕಾರ್ಯದರ್ಶಿ ಅವನು. ಬೆಳಗ್ಗೆ ಸಂಜೆ ಹಾಲಿನ ಜಿಡ್ಡು ನೋಡುವುದರಲ್ಲೇ ಅವನ ಆಯುಸ್ಸು ಕಳೆದಿತ್ತು. ಹೆಂಡತಿಯ ಮುಖ ನೋಡುವ ಅಭ್ಯಾಸ ಅವನಿಗೆ ಎಲ್ಲಿಂದ ಬರಬೇಕು?

ಯಲ್ದೂರಿನ ಪಕ್ಕದಲ್ಲಿ ಅವರದು ಆರು ಎಕರೆ ಮಾವಿನ ತೋಟ. ಕಾಯಿ ಕೀಳುವ ಮೊದಲ ದಿನ, ಮೊದಲ ಬಿದಿರಿನ ಮಂಕರಿಯನ್ನು ಹಿರಿಯ ಸೊಸೆ ತಲೆಯ ಮೇಲೆ ಹೊತ್ತು ತೋಟದಿಂದ ಟಾರು ರಸ್ತೆಯವರೆಗೆ ತರಬೇಕು. ಆಮೇಲೆಯೇ ಉಳಿದ ಕಾಯಿ ಶ್ರೀನಿವಾಸಪುರದ ಮಂಡಿಗೆ ಹೊರಡುವುದು. ಅದು ಆ ಮನೆಯ ಪದ್ಧತಿ. ತಾವು ಹೊತ್ತಷ್ಟು ವರ್ಷ ಹೊತ್ತು, ಗಂಗಾಲಕ್ಷ್ಮಿ ಮದುವೆಯಾಗಿ ಬಂದ ವರ್ಷ ದೊಡ್ಡವೆಂಕಟಮ್ಮನವರು ತಮ್ಮ ಹಳೇ ಸೀರೆ ಸುತ್ತಿ ಮಾಡಿದ ಸಿಂಬಿಯನ್ನು ಅವಳ ತಲೆಯ ಮೇಲಿಟ್ಟು, “ಇನ್ನು ನಿಂದು ಕಣಮ್ಮಾ,” ಎಂದಿದ್ದರು. ಆ ಸಿಂಬಿ ಇಂದಿಗೂ ಗಂಗಾಲಕ್ಷ್ಮಿಯ ಟ್ರಂಕಿನಲ್ಲಿ ಮದುವೆ ಸೀರೆಯ ಮೇಲೆ ಇದೆ. ಅಂಥ ಸಿಂಬಿಯ ಜಾಗಕ್ಕೆ ಈಗ ನಾಲ್ಕು ಚಕ್ರದ ಗಾಡಿ ಬರುತ್ತದಂತೆ! ಓಡಿಸುವವಳು ಅನಿತ... ಮೈದುನ ಕದಿರೇಶನ ಹೆಂಡತಿ. ಬಂದು ಇನ್ನೂ ಆರು ತಿಂಗಳಾಗಿಲ್ಲ!

ಅನಿತ ಮುಳಬಾಗಿಲಿನವಳು, ಬಿ.ಕಾಂ. ಓದಿದವಳು, ಗಂಡಸರಂತೆ ಜೀಪು ಓಡಿಸುವವಳು. ಕದಿರೇಶ ಮಾಲೂರಿನ ಕಾರ್ಖಾನೆಯಲ್ಲಿದ್ದು ಭಾನುವಾರ ಮಾತ್ರ ಬರುತ್ತಿದ್ದುದರಿಂದ ತೋಟದ ಕೆಲಸಕ್ಕೆ ಅವಳೇ ಕೈ ಹಾಕಿದ್ದಳು. ಕೆನೆ ಮೊಸರು ಅವಳಿಗೆ. ಹೊಸ ಕನ್ನಡಕ ಹಾಕಿಕೊಂಡು ಅತ್ತೆ ನೋಡುವುದು ಅವಳ ಫೋನಿನಲ್ಲಿರುವ ಗಾಡಿಗಳ ಫೋಟೋವನ್ನು. ಗಂಗಾಲಕ್ಷ್ಮಿಗೆ ಇದೆಲ್ಲ ಕಂಡು ಹೊಟ್ಟೆ ಉರಿಯುತ್ತಿತ್ತು. ಹೌದು, ಹೊಟ್ಟೆ ಉರಿಯೇ. ಅದಕ್ಕೆ ಬೇರೆ ಹೆಸರು ಕೊಟ್ಟು ಮುಚ್ಚಿಡುವುದೇಕೆ? ಕಳೆದ ದೀಪಾವಳಿಯ ಹೊತ್ತಿಗೆ ಕತ್ತು ನೋವೆಂದು ತನ್ನನ್ನು ಕೋಲಾರದ ಡಾಕ್ಟರ ಹತ್ತಿರ ಕರೆದೊಯ್ದವಳೂ ಇದೇ ಅನಿತ. ‘ತಲೆ ಮೇಲೆ ಭಾರ ಹೊರಬಾರದು’ ಎಂದಿದ್ದರು ಡಾಕ್ಟರು. ಮನೆಯಲ್ಲಿ ಹೇಳಬೇಡ ಎಂದು ಕೈಹಿಡಿದು ಕೇಳಿಕೊಂಡಿದ್ದರೂ ಅವಳು ಅತ್ತೆಯ ಕಿವಿಗೆ ಹಾಕಿಯೇ ಬಿಟ್ಟಿದ್ದಳು. ಯಾಕೆ ಹಾಕಿದಳೆಂದು ಗಂಗಾಲಕ್ಷ್ಮಿಗೆ ಗೊತ್ತಿಲ್ಲವೇ? ನನ್ನನ್ನು ಮೂಲೆಗೆ ಕೂರಿಸಿ ತಾನು ಮೆರೆಯಬೇಕು... ಅಷ್ಟೇ!

ಫೆಬ್ರವರಿ ತಿಂಗಳು. ತೋಟವೆಲ್ಲ ಹೂವಾಗಿತ್ತು. ಅನಿತ ಅಳತೆ ಟೇಪು, ನೋಟ್‌ಬುಕ್ಕು ಹಿಡಿದು ತೋಟಕ್ಕೆ ಹೊರಟವಳು ವಾರಗಿತ್ತಿಯನ್ನೂ ಕರೆದಳು.

“ಅಕ್ಕಾ, ಮೂರು ಚಕ್ರದ ಗೂಡ್ಸ್ ಆಟೋ ಬೇಡ. ಆ ಹಳ್ಳದ ತಿರುವಲ್ಲಿ ಲೋಡ್ ಹಾಕ್ಕೊಂಡು ತಿರುಗಿದ್ರೆ ಮಗುಚಿಕೊಳ್ಳುತ್ತೆ. ಇನ್ನು ಉಳಿದಿದ್ದು ಸಣ್ಣ ಟ್ರ್ಯಾಕ್ಟರು, ಇಲ್ಲಾ ಪಿಕಪ್ಪು. ಭಾವ ಟ್ರ್ಯಾಕ್ಟರೇ ಅಂತಾರೆ. ನಂಗ್ಯಾಕೋ ಪಿಕಪ್ಪೇ ಇಷ್ಟ.”

“ನಿಂಗಿಷ್ಟ ಆದ್ಮೇಲೆ ಇನ್ನೇನು,” ಎಂದಳು ಗಂಗಾಲಕ್ಷ್ಮಿ ಒಣಗಿದ ದನಿಯಲ್ಲಿ.

ತೋಟದೊಳಗಿನ ದಾರಿ ಮರಗಳ ಸಾಲಿನ ನಡುವೆ ಸುತ್ತಿ ಇನ್ನೊಂದು ಕಡೆಯಿಂದ ರಸ್ತೆಗೆ ಸೇರುತ್ತದೆ. ದಾರಿಯ ತಿರುವಿನಲ್ಲಿ ಒಂದು ಬಾದಾಮಿ ಮಾವಿನ ಮರವಿತ್ತು. ಗಂಗಾಲಕ್ಷ್ಮಿ ಈ ಮನೆಗೆ ಬಂದ ವರ್ಷ ತನ್ನ ಕೈಯಾರೆ ನೆಟ್ಟ ಗಿಡ. ಅದರ ದೊಡ್ಡ ಕೊಂಬೆಯೊಂದು ದಾರಿಗೆ ಅಡ್ಡವಾಗಿ ಚಾಚಿಕೊಂಡಿತ್ತು. ಅನಿತ ಹಿಮ್ಮಡಿ ಎತ್ತಿ ನಿಂತು ಟೇಪು ಹಿಡಿದಳು.

“ಏಳೂವರೆ ಅಡಿ ಇದೆ. ಪಿಕಪ್ ಎತ್ತರ ಆರೂಕಾಲು. ಸಾಕಲ್ವಾ ಅಕ್ಕಾ? ನೀವು ಹೇಳಿ, ನಂಗೆ ಈ ತೋಟ ಹೊಸದು.”

ಗಂಗಾಲಕ್ಷ್ಮಿ ಕೊಂಬೆಯನ್ನು ನೋಡಿದಳು. ಈಗ ಅದರಲ್ಲಿರುವುದು ಬರೀ ಹೂವು, ಅದಕ್ಕೇ ಅಷ್ಟು ಮೇಲಿದೆ. ಮೇ ತಿಂಗಳಲ್ಲಿ ಕಾಯಿ ತುಂಬಿದರೆ ಅದೇ ಕೊಂಬೆ ಎರಡಡಿ ಕೆಳಗಿಳಿಯುತ್ತದೆ. ಕೆಳಗೆ ನಡೆಯುವವರು ತಲೆ ಬಗ್ಗಿಸಬೇಕಾಗುತ್ತದೆ. ಹೂವಿನ ಕಾಲದ ಅಳತೆ ಕಾಯಿಯ ಕಾಲಕ್ಕೆ ನಡೆಯುವುದಿಲ್ಲ! ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ಗಂಟಲವರೆಗೂ ಬಂತು. ಅಷ್ಟರಲ್ಲಿ ಅತ್ತೆಯ ದನಿ ನೆನಪಾಯಿತು... ‘ಅನಿತಾನೇ ಓಡಿಸ್ಕೊಂಡು ಹೋಗ್ಲಿ!’

“ಅಳ್ದಿದೀಯಲ್ಲ... ಸಾಕು ಬಿಡು,” ಎಂದುಬಿಟ್ಟಳು.

ಅನಿತ ಖುಷಿಯಿಂದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅಂದು ರಾತ್ರಿ ಗಂಗಾಲಕ್ಷ್ಮಿಗೆ ಚೆನ್ನಾಗಿಯೇ ನಿದ್ದೆ ಬಂತು. ಅಳೆದವಳು ಅವಳು, ಆರಿಸಿದವಳು ಅವಳು, ನನ್ನದೇನು ತಪ್ಪು ಎಂದು ತನಗೆ ತಾನೇ ಹೇಳಿಕೊಂಡು ಮಗ್ಗುಲು ತಿರುಗಿದ್ದಳು. ಮನುಷ್ಯರು ಹೀಗೂ ಇರುತ್ತಾರೆ ನೋಡಿ!

ಏಪ್ರಿಲ್ ಕೊನೆಯಲ್ಲಿ ಬಿಳೀ ಬಣ್ಣದ ಪಿಕಪ್ ಮನೆ ಮುಂದೆ ಬಂದು ನಿಂತಿತು. ಅನಿತ ಎಡಗಡೆಯ ಬಾಗಿಲು ತೆರೆದು, “ಬನ್ನಿ ಅಕ್ಕಾ, ಒಂದು ರೌಂಡ್ ಹೋಗ್ಬರೋಣ,” ಎಂದು ಕರೆದಳು. “ಒಲೆ ಮೇಲೆ ಸಾರಿದೆ,” ಎಂದು ಗಂಗಾಲಕ್ಷ್ಮಿ ಒಳಗೆ ಹೋದಳು. ಒಲೆ ಹೊತ್ತಿಸಿಯೇ ಇರಲಿಲ್ಲ. ಕಿಟಕಿಯಿಂದ ಇಣುಕಿದಾಗ ಎಡಗಡೆ ಸೀಟಿನಲ್ಲಿ ಹೂವಿನ ಬಟ್ಟೆಯ ಚಿಕ್ಕ ದಿಂಬೊಂದು ಕಂಡಿತು. ಓಹೋ! ಮುಳಬಾಗಿಲಿನಿಂದ ಅವರಮ್ಮ ಬಂದು ಕೂತು ಮೆರೆಯುವುದಕ್ಕೆ ದಿಂಬು ಬೇರೆ ತಯಾರಾಗಿದೆ ಎಂದುಕೊಂಡಳು. ಗಾಡಿಯಲ್ಲಿ ಹುಲ್ಲು ಬಂತು, ಹಾಲಿನ ಕ್ಯಾನು ಹೋಯಿತು, ಹೊಸ ಕ್ರೇಟುಗಳು ಬಂದವು. ತೋಟದೊಳಗೆ ಮಾತ್ರ ಅದು ಇನ್ನೂ ಹೋಗಿರಲಿಲ್ಲ. ಒಂದು ದಿನವೂ ಗಂಗಾಲಕ್ಷ್ಮಿ ಅದನ್ನು ಹತ್ತಲಿಲ್ಲ.

ಕಾಯಿ ಕೀಳುವ ದಿನ ಬಂದೇ ಬಂತು. ಗಾಡಿಗೆ ಅರಿಶಿನ ಕುಂಕುಮ, ಹೂವಿನ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಮಂಡಿನೋವಿನಿಂದ ವರ್ಷಗಳಿಂದ ತೋಟದೊಳಗೆ ಕಾಲಿಡದ ದೊಡ್ಡವೆಂಕಟಮ್ಮನವರೂ ಅಂದು ತೋಟದ ಬಾಗಿಲಿಗೆ ಬಂದು ಕುರ್ಚಿ ಹಾಕಿಸಿ ಕೂತರು. ಗಂಗಾಲಕ್ಷ್ಮಿ ಟ್ರಂಕಿನಿಂದ ಸಿಂಬಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಗಾಡಿ ಒಳಗೆ ಹೋಗಲಾರದು. ಆಗ ಎಲ್ಲರೂ ಪೆಚ್ಚಾಗಿ ನಿಲ್ಲುತ್ತಾರೆ. ಅತ್ತೆ ತಲೆ ಚಚ್ಚಿಕೊಂಡು, ‘ಗಂಗಾ, ನೀನೇ ಹೊರಮ್ಮಾ’ ಎನ್ನುತ್ತಾರೆ. ಮೂರು ತಿಂಗಳಿಂದ ಅವಳು ಕಾಯುತ್ತಿದ್ದುದು ಆ ಒಂದು ಮಾತಿಗೆ!

ಅನಿತ ಗಾಡಿ ಬಿಟ್ಟಳು. ಕೊಂಬೆ ಬಗ್ಗಿರುವುದು ಅವಳಿಗೂ ಕಂಡಿರಬೇಕು. ಆದರೆ ಅಳತೆ ನೋಟ್‌ಬುಕ್ಕಿನಲ್ಲಿತ್ತು, ಅಕ್ಕ ಸಾಕೆಂದಿದ್ದರು, ಆ ಧೈರ್ಯ ಅವಳಿಗೆ. ಗಾಡಿ ತಿರುವಿಗೆ ಬಂತು. ‘ನಿಲ್ಲು’ ಎಂಬ ಮಾತು ಗಂಗಾಲಕ್ಷ್ಮಿಯ ನಾಲಿಗೆಯ ತುದಿಯಲ್ಲಿ ಕುಣಿಯಿತು. ಹೊರಗೆ ಬರಲಿಲ್ಲ.

ಲಟಾರ್! ಕೊಂಬೆ ಕ್ಯಾಬಿನ್ನಿನ ಮೇಲಿನ ಕ್ಯಾರಿಯರ್‌ಗೆ ಸಿಕ್ಕಿಕೊಂಡು ಬುಡದಲ್ಲೇ ಸೀಳಿತು. ಕಾಯಿಗಳು ದಬದಬನೆ ಉದುರಿದವು. ಸೀಳಿದ ರೆಂಬೆಯೊಂದು ತೆರೆದ ಕಿಟಕಿಯೊಳಗೆ ನುಗ್ಗಿತು. ಅನಿತ ಕಿರುಚಿದಳು!

“ಅಯ್ಯೋ ದೇವುಡಾ!” ಬಾಗಿಲ ಬಳಿಯಿಂದ ಅತ್ತೆ ಕೂಗಿದರು.

ಗಂಗಾಲಕ್ಷ್ಮಿ ಹೇಗೆ ಓಡಿದಳೋ ಅವಳಿಗೇ ತಿಳಿಯದು. ಬಾಗಿಲು ಎಳೆದು ನೋಡಿದರೆ ಅನಿತಳ ಮೊಣಕೈಯಿಂದ ಮುಂಗೈವರೆಗೆ ರಕ್ತ... ಹಣೆಯ ಮೇಲೆ ತರಚು ಗಾಯ. ಆ ಗಾಯಕ್ಕೂ ಕಣ್ಣಿಗೂ ಒಂದೇ ಬೆರಳಿನ ಅಂತರವಿತ್ತು! ಆ ಹುಡುಗಿ ತನ್ನ ಕೈ ನೋಡಿಕೊಳ್ಳಲಿಲ್ಲ. ಮೇಲೆ ನೋಡಿ ಗಳಗಳನೆ ಅತ್ತಳು.

“ಅಕ್ಕಾ... ನಿಮ್ಮ ಮರ! ನಿಮ್ಮ ಮರಾನ ಮುರ್ದುಬಿಟ್ಟೆ ಅಕ್ಕಾ...”

ಗಂಗಾಲಕ್ಷ್ಮಿ ಸೊಂಟದ ಸಿಂಬಿ ತೆಗೆದು ಗಂಟು ಬಿಚ್ಚಿದಳು. ಇಪ್ಪತ್ತಮೂರು ವರ್ಷದ ಸುತ್ತು ಬಿಚ್ಚಿ ಆ ಹಳೇ ಸೀರೆಯ ಬಟ್ಟೆಯನ್ನು ಅನಿತಳ ಕೈಗೆ ಬಿಗಿಯಾಗಿ ಕಟ್ಟಿದಳು.

ದೊಡ್ಡವೆಂಕಟಮ್ಮನವರು ಕೋಲೂರಿಕೊಂಡು, ಅಮರನಾಥನ ತೋಳು ಹಿಡಿದು ಏದುಸಿರು ಬಿಡುತ್ತ ಬಂದರು. ಅನಿತಳಿಗೆ ಹೆಚ್ಚೇನೂ ಆಗಿಲ್ಲವೆಂದು ತಿಳಿದ ಕೂಡಲೇ ಹೆದರಿಕೆಯೆಲ್ಲ ಸಿಟ್ಟಾಯಿತು.

“ಟ್ರ್ಯಾಕ್ಟರ್ ತಗೋ ಅಂತ ಅಮರ ಬಡ್ಕೊಂಡ. ಪಿಕಪ್ಪೇ ಬೇಕು ಅಂತ ಕೂತ್ಯಲ್ಲ! ಯಾಕೆ ಬೇಕಾಗಿತ್ತೇ ಇದು?”

“ಟ್ರ್ಯಾಕ್ಟರಲ್ಲಿ ಒಂದೇ ಸೀಟು ಅತ್ತೆ...” ಅನಿತ ಬಿಕ್ಕಿದಳು. “ಅಕ್ಕ ಎಲ್ಲಿ ಕೂತ್ಕೋತಾರೆ? ಅವ್ರ ಕತ್ತಿಗೆ ಒರಗೋಕೆ ಅಂತ ದಿಂಬೂ ಹೊಲ್ದಿಟ್ಟಿದ್ದೆ. ಮಂಕರಿ ತಲೆ ಮೇಲೆ ಬೇಡ, ತೊಡೆ ಮೇಲಿಟ್ಕೊಂಡು ಮಹಾರಾಣಿ ಹಂಗೆ ಮಂಡಿಗೆ ಬರ್ಲಿ ಅಂತ...”

ಗಂಗಾಲಕ್ಷ್ಮಿ ತಿರುಗಿ ಗಾಡಿಯೊಳಗೆ ನೋಡಿದಳು. ಆ ದಿಂಬು... ಆ ಸೀಟು... ತನ್ನದಾಗಿತ್ತೇ!

ಅತ್ತೆಯ ಸಿಟ್ಟು ಇಳಿದಿರಲಿಲ್ಲ. “ಅವತ್ತು ನಾನು ನಿನ್ನ ಕೇಳಿದ್ದು ಒಂದೇ ಮಾತು, ಗಂಗಾ ಏನಂದ್ಲು ಅಂತ. ಅವ್ಳು ಸಾಕು ಅಂದ್ಲು ಅಂದೆ. ಅದನ್ನ ನಂಬಿ ತಾನೇ ನಾನು ಹೂಂ ಅಂದಿದ್ದು? ಈ ತೋಟದ ಎಲೆ ಎಲೆ ಅವ್ಳಿಗೆ ಗೊತ್ತು. ಅವ್ಳು ಇದಕ್ಕೆ ಸಾಕು ಅಂತಾಳಾ? ನಿಜ ಹೇಳು, ಕೇಳಿದ್ಯಾ ಇಲ್ವಾ?”

ಅನಿತ ತಲೆಯೆತ್ತಿ ವಾರಗಿತ್ತಿಯ ಮುಖ ನೋಡಿದಳು. ಕಾಗದದಂತೆ ಬಿಳಿಚಿಕೊಂಡ ಆ ಮುಖದಲ್ಲಿ ಅವಳಿಗೆ ಎಲ್ಲವೂ ಗೊತ್ತಾಗಿಹೋಯಿತು. ಆಮೇಲೆ ತಲೆ ತಗ್ಗಿಸಿದಳು.

“ಕೇಳ್ಲಿಲ್ಲ ಅತ್ತೆ... ಸುಳ್ಳು ಹೇಳಿದ್ದೆ.”

ಗಂಗಾಲಕ್ಷ್ಮಿ ಬಯಸಿದ್ದೆಲ್ಲ ಅಲ್ಲಿ ನಡೆದುಹೋಗಿತ್ತು! ಅನಿತಳ ಅಹಂಕಾರ ಮುರಿದಿತ್ತು, ಅತ್ತೆ ಅವಳನ್ನು ಎಲ್ಲರೆದುರು ಬೈದಿದ್ದರು, ತನ್ನ ಮಾತಿಗೇ ಬೆಲೆಯೆಂದು ಬಾಯಿಬಿಟ್ಟು ಹೇಳಿಯೂ ಆಗಿತ್ತು. ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಆದರೆ ಸುಮ್ಮನಿರುವುದು ಅವಳಿಂದ ಇನ್ನು ಆಗಲಿಲ್ಲ.

“ಕೇಳಿದ್ಲು ಅತ್ತೆ! ಇದೇ ಮರದ ಕೆಳಗೆ ನಿಂತು ಕೇಳಿದ್ಲು. ಕಾಯಿ ಬಂದ್ರೆ ಕೊಂಬೆ ಇಳಿಯುತ್ತೆ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಸಾಕು ಅಂದೆ. ಈಗ್ಲೂ ನಿಲ್ಲು ಅನ್ಬೋದಾಗಿತ್ತು... ಅನ್ಲಿಲ್ಲ. ಹೊಟ್ಟೆಕಿಚ್ಚು ಅತ್ತೆ... ನೀವು ಮಂಕರಿ ಅವ್ಳಿಗೆ ಕೊಟ್ರಲ್ಲ ಅಂತ ಹೊಟ್ಟೆಕಿಚ್ಚು!”

ದೊಡ್ಡವೆಂಕಟಮ್ಮನವರು ಬೈದಿದ್ದರೆ, ಕೋಲೆತ್ತಿ ಒಂದು ಬಾರಿಸಿದ್ದರೆ ಗಂಗಾಲಕ್ಷ್ಮಿಗೆ ಹಗುರವಾಗುತ್ತಿತ್ತು. ಅವರು ಮರದ ಬುಡಕ್ಕೆ ಒರಗಿ ಮೆಲ್ಲಗೆ ಕೂತರು.

“ನಿನ್ನ ಮಾತಿನ ಮೇಲೆ ಕಣೇ ಈ ಗಾಡಿ ಬಂದಿದ್ದು...” ಎಂದಷ್ಟೇ ಅಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸೀಳಿದ ಕೊಂಬೆ ಗಾಡಿಯ ಮೇಲೆ ಕೂತಿತ್ತು. ಅದನ್ನು ಕೊಯ್ಯದೆ ಗಾಡಿ ಅಲುಗುವಂತಿರಲಿಲ್ಲ. ಅಮರನಾಥ್ ಗರಗಸ ತಂದ. ಗಂಗಾಲಕ್ಷ್ಮಿ ಅದನ್ನು ಅವನ ಕೈಯಿಂದ ಕಿತ್ತುಕೊಂಡಳು. “ನಾನು ನೆಟ್ಟಿದ್ದು. ನಾನೇ ಕುಯ್ತೀನಿ,” ಎಂದಳು. ಕುಯ್ಯುತ್ತಿದ್ದಂತೆ ಕತ್ತಿನ ನೋವು ಬೆನ್ನಿನವರೆಗೂ ಇಳಿಯಿತು, ಕಣ್ಣೀರು ಕೊಂಬೆಯ ಸೊನೆಯ ಮೇಲೆ ಬಿತ್ತು. ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೊಂಬೆ ಅಲುಗಾಡುವುದು ನಿಂತಿತು. ನೋಡಿದರೆ ಆ ತುದಿಯನ್ನು ಅನಿತ ಒಂದೇ ಕೈಯಲ್ಲಿ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ನಗುವಿರಲಿಲ್ಲ.

ಮೊದಲ ಮಂಕರಿ ಆ ಕೊಂಬೆಯ ಕಾಯಿಗಳಿಂದಲೇ ತುಂಬಿತು. ಗಂಗಾಲಕ್ಷ್ಮಿ ಅದನ್ನು ಎರಡು ಕೈಯಲ್ಲಿ ತಬ್ಬಿ ತಂದು, ಎಡಗಡೆ ಸೀಟಿನಲ್ಲಿ, ಹೂವಿನ ದಿಂಬಿನ ಪಕ್ಕದಲ್ಲಿಟ್ಟು, ತಾನು ಹಿಂದೆ ಹೋಗಿ ಕ್ರೇಟುಗಳ ಮಧ್ಯೆ ಹತ್ತಿ ಕೂತಳು. ಅನಿತ ಇಂಜಿನ್ ಆಫ್ ಮಾಡಿ ಇಳಿದು ಬಂದಳು.

“ಇಳೀರಿ ಅಕ್ಕಾ.”

“ನಂಗೆ ಇದೇ ಜಾಗ ಸರಿ ಕಣೇ. ನೀನು ನಡಿ.”

“ನಂಗೆ ಸಿಟ್ಟಿದೆ. ತುಂಬಾ ಇದೆ. ಎಷ್ಟು ದಿನ ಇರುತ್ತೋ ನಂಗೇ ಗೊತ್ತಿಲ್ಲ. ಆದ್ರೂ ಮುಂದೆ ಬನ್ನಿ. ಆ ದಿಂಬು ಹೊಲ್ದಿದ್ದು ನಿಮ್ಮ ಕತ್ತಿಗೆ. ಮಾವಿನಕಾಯಿಗೆ ಕತ್ತು ನೋವಿಲ್ಲ.”

ಗಂಗಾಲಕ್ಷ್ಮಿ ಇಳಿದು ಬಂದು ಕೂತಳು. ಮಂಕರಿ ತೊಡೆಯ ಮೇಲೆ, ಕತ್ತಿನ ಹಿಂದೆ ದಿಂಬು. ಗಾಡಿ ಹೊರಟಿತು. ಇಪ್ಪತ್ತು ಮಾರು ಹೋಗಿರಬಹುದು.

“ನಿಲ್ಲು! ನಿಲ್ಲು ಅನಿತಾ!”

ಅನಿತ ಗಕ್ಕನೆ ಬ್ರೇಕ್ ಹಾಕಿದಳು.

“ಮುಂದೆ ರಸಪುರಿ ಕೊಂಬೆ ಇಳಿದಿದೆ. ಕವೆಗೋಲು ಕೊಟ್ಟು ಎತ್ತಬೇಕು. ನಾನು ಹೇಳೋವರ್ಗೂ ಬರ್ಬೇಡ.”

ಅವಳು ಮಂಕರಿಯನ್ನು ಸೀಟಿನ ಮೇಲಿಟ್ಟು ಇಳಿದಳು. ಬೇಲಿಯ ಪಕ್ಕದಲ್ಲಿದ್ದ ಕವೆಗೋಲು ತಂದು ಕೊಂಬೆಗೆ ಆನಿಸಿ ಎತ್ತಿದಳು. ಕಣ್ಣಳತೆ ಮಾಡಿದಳು. ಸಾಲದೆಂದು ಇನ್ನೊಂದು ಕೋಲು ಕೊಟ್ಟಳು. ಗಾಡಿಯ ನೆತ್ತಿಯನ್ನೂ ಕೊಂಬೆಯ ಹೊಟ್ಟೆಯನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ದಾರಿಯ ಮಧ್ಯೆ ನಿಂತು ಕೈ ಬೀಸಿದಳು.

“ಬಾ... ಇನ್ನೂ ಬಾ... ಸಾಕು. ಈಗ ಸಾಕು ಅನಿತಾ, ಬಾ!”

ಅನಿತ ಗಾಜಿನಾಚೆಯಿಂದ ಆ ಮುಖವನ್ನು ಒಂದು ಗಳಿಗೆ ನೋಡಿದಳು. ಕೊಂಬೆಯ ಕಡೆ ತಲೆಯೆತ್ತದೆ ಗಾಡಿ ಬಿಟ್ಟಳು.