ಗೇಟಿನ ಹತ್ತಿರ ಬರಬೇಡ ಅಜ್ಜಿ

“ಗುಡ್ಡದಾಚೆಯವರು ಮಾತಾಡೋದೇ ಇಲ್ಲ ಮಿಸ್, ಬರೀ ಜಗಳ ಆಡ್ತಾರೆ,” ಎಂದಳು ರೇಡಿಯೊ. ಇಡೀ ಕ್ಲಾಸು ನಕ್ಕಿತು.

ಅದು ಶುಕ್ರವಾರದ ಚರ್ಚೆ. ‘ನಮ್ಮ ಅಕ್ಕಪಕ್ಕದ ಜನ’ ಎಂದು ಮಿಸ್ ಬೋರ್ಡಿನ ಮೇಲೆ ಬರೆದಿದ್ದರು. ಯಾರು ಏನು ಬೇಕಾದರೂ ಹೇಳಬಹುದು, ಆದರೆ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕು.

ರೇಡಿಯೊ ಪಕ್ಕದಲ್ಲಿ ಕೂತಿದ್ದ ಪಿಸು ಮಾತ್ರ ನಗಲಿಲ್ಲ. ರೇಡಿಯೊ, ಪಿಸು ಎಂಬುವು ಕ್ಲಾಸಿನವರು ಇಟ್ಟ ಅಡ್ಡಹೆಸರುಗಳು. ಒಬ್ಬಳ ಬಾಯಿಗೆ ಬ್ರೇಕಿಲ್ಲ, ಇನ್ನೊಬ್ಬಳ ದನಿ ಹಿಂದಿನ ಬೆಂಚಿಗೂ ತಲುಪುವುದಿಲ್ಲ. ಆದರೂ ಒಂದನೇ ಕ್ಲಾಸಿನಿಂದ ಜೀವದ ಗೆಳತಿಯರು.

ಪಿಸುವಿನ ಅಜ್ಜಿ ಗುಡ್ಡದಾಚೆಯವಳು. ಇದನ್ನು ಪಿಸು ರೇಡಿಯೊಗೂ ಹೇಳಿರಲಿಲ್ಲ. ನಿನ್ನೆ ಅಜ್ಜಿ ಮನೆಗೆ ಬಂದಿದ್ದಳು. ಅವಳು ‘ಉಪ್ಪು ಕೊಡು’ ಎಂದರೂ ಜಗಳವೇನೋ ಎಂದು ಮೇಲಿನ ಮನೆಯವರು ಬಗ್ಗಿ ನೋಡುತ್ತಾರೆ. ಅದಕ್ಕೇ ಬೆಳಿಗ್ಗೆ ಪಿಸು, “ಅಜ್ಜಿ, ಸಂಜೆ ಗೇಟ್ ಹತ್ರ ಬರಬೇಡ. ಸೈಕಲ್ ಶಾಪ್ ಹತ್ರ ನಿಂತಿರು. ಕೂಗಬೇಡ,” ಎಂದಿದ್ದಳು.

“ಆಯ್ತು ಬಿಡು ಕಂದ,” ಎಂದಿದ್ದಳು ಅಜ್ಜಿ, ಅದೊಂದನ್ನು ಮೆಲ್ಲಗೆ. ಈಗ ಅದು ನೆನಪಾಗಿ ಪಿಸುವಿಗೆ ಸಂಕಟವಾಯಿತು.

“ಪ್ರಶ್ನೆ ಇದೆಯಾ ಯಾರಿಗಾದ್ರೂ?” ಎಂದರು ಮಿಸ್.

ಪಿಸು ಎದ್ದಳು. ರೇಡಿಯೊ ಟೂ ಬಿಟ್ಟರೆ ಏನು ಗತಿ ಎಂದು ಅಳುಕುತ್ತಲೇ ಅವಳತ್ತ ತಿರುಗಿ ಕೇಳಿದಳು, “ನಿಂಗೆ ಅಲ್ಲಿಯವರು ಎಷ್ಟು ಜನ ಗೊತ್ತು?”

“ಕೇಳಿಸ್ತಿಲ್ಲ,” ಎಂದಿತು ಹಿಂದಿನ ಬೆಂಚು. ಪಿಸು ಮತ್ತೆ ಕೇಳಿದಳು.

“ಒಬ್ರು. ನಮ್ ಬಿಲ್ಡಿಂಗ್ ವಾಚ್‌ಮನ್ ಅಂಕಲ್.”

“ನಿನ್ ಜೊತೆ ಜಗಳ ಆಡಿದ್ರಾ?”

ರೇಡಿಯೊ ತಲೆ ಕೆರೆದುಕೊಂಡಳು. “ಇಲ್ಲಪ್ಪ. ಗುಡ್ ಮಾರ್ನಿಂಗ್ ಅನ್ನೋದನ್ನೂ ಕೂಗಿ ಹೇಳ್ತಾರೆ, ಅಷ್ಟೆ. ನನ್ ಸೈಕಲ್ ಚೈನ್ ಬಿದ್ರೆ ಅವರೇ ಹಾಕಿಕೊಡೋದು.”

“ಅಲ್ಲಿ ಮನೆಮನೇಲೂ ಮಷೀನ್ ಮಗ್ಗ ಇದೆ. ದಿನವಿಡೀ ಖಟಖಟ. ಕೂಗದಿದ್ರೆ ಕೇಳಿಸಲ್ಲ. ನಮ್ಮಜ್ಜಿ ಮೂವತ್ತು ವರ್ಷ ಬಟ್ಟೆ ನೇಯ್ದಿದಾಳೆ, ಈಗ ಅವಳಿಗೆ ಕಿವಿ ಮಂದ. ಆದ್ರೆ ಎಲ್ಲರೂ ಹಾಗಲ್ಲ. ನಮ್ ಮಾವನೂ ಅಲ್ಲೇ ಇರೋದು. ಅವನು ಎಷ್ಟು ಮೆಲ್ಲಗೆ ಮಾತಾಡ್ತಾನೆ ಅಂದ್ರೆ, ಅತ್ತೆ ‘ಏನಂದ್ರಿ, ಏನಂದ್ರಿ’ ಅಂತಾನೇ ಇರ್ತಾರೆ.”

ಕ್ಲಾಸು ಮತ್ತೆ ನಕ್ಕಿತು. ಈ ಸಲ ಪಿಸುವಿಗೂ ನಗು ಬಂತು.

“ನೀನೂ ಆ ಕಡೆಯವಳೇನೇ? ನಿನ್ ಮಾತೇ ಕೇಳಿಸಲ್ವಲ್ಲೇ,” ಎಂದು ರೇಡಿಯೊ ಕಣ್ಣರಳಿಸಿದಳು. ಆಮೇಲೆ ಮಿಸ್ ಕಡೆ ತಿರುಗಿ, “ನಾನಂದಿದ್ದು ವಾಪಸ್ ತಗೋತೀನಿ ಮಿಸ್. ವಾಚ್‌ಮನ್ ಅಂಕಲ್‌ಗೆ ಮಾತ್ರ ಹೇಳ್ಬೇಡಿ,” ಎಂದಳು.

ಸಂಜೆ ಬೆಲ್ ಆಯಿತು. ಅಜ್ಜಿ ಸೈಕಲ್ ಶಾಪಿನ ಮುಂದೆ ನಿಂತಿದ್ದಳು. ಮೊಮ್ಮಗಳನ್ನು ಹುಡುಕುತ್ತಿದ್ದಳು, ಆದರೆ ಬಾಯಿ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಪಿಸುವಿಗೆ ಅಳುವೇ ಬಂದಂತಾಯಿತು.

ಗೇಟಿನಲ್ಲಿ ನಿಂತು, “ಅಜ್ಜೀ,” ಎಂದಳು. ಕೇಳಿಸಲಿಲ್ಲ. ಎದೆ ತುಂಬ ಉಸಿರೆಳೆದುಕೊಂಡಳು. “ಅಜ್ಜೀ, ಇಲ್ಲಿಗ್ ಬಾ! ಗೇಟ್ ಹತ್ರ ಬಾ!”

“ಅಬ್ಬಬ್ಬಾ,” ರೇಡಿಯೊ ಕಿವಿ ಮುಚ್ಚಿಕೊಂಡಳು. “ಇಷ್ಟು ದಿನ ಈ ದನಿ ಎಲ್ಲಿಟ್ಟಿದ್ದೆ ಮಾರಾಯ್ತಿ?”

“ಬಂದೇ ಕಂದಾ!” ಎಂದು ಅಜ್ಜಿ ಅಲ್ಲಿಂದಲೇ ಕೂಗಿದಳು. ಬೀದಿಯವರೆಲ್ಲ ತಿರುಗಿ ನೋಡಿದರು. ನೋಡಿದರೆ ನೋಡಲಿ ಎಂದು ಪಿಸು ಗೇಟಿನಲ್ಲೇ ನಿಂತಳು.