ಕೆಳಗಿನ ಹೊಲದವನ ಮಗಳು

"ಅವನಿಗೆ ಕಪ್ಪು ಗಡ್ಡ ಯಾಕೆ ಇಟ್ಟೆ?" ಎಂದು ಅಜ್ಜಿ ಕೇಳಿದರು.

ಉನಾ ಓದುವುದನ್ನು ನಿಲ್ಲಿಸಿದಳು. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಅಜ್ಜಿ ಬ್ರೆಡ್ಡಿಗೆ ಹಿಟ್ಟು ಕಲೆಸುತ್ತಿದ್ದರು. ಇನ್ನೊಂದು ತುದಿಯಲ್ಲಿ ಉನಾ ತನ್ನ ಕತೆಯ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಅಜ್ಜಿಯ ಕೈ ಈಗ ಹಿಟ್ಟಿನಲ್ಲೇ ನಿಂತುಬಿಟ್ಟಿತ್ತು.

"ಅವನು ಕೆಟ್ಟವನಲ್ವಾ ಅಜ್ಜಿ? ಕೆಟ್ಟವನು ಅಂತ ನೋಡಿದ ತಕ್ಷಣ ಗೊತ್ತಾಗ್ಬೇಕು. ಅದಕ್ಕೇ."

ಮನೆಯ ಹಿರಿಯರ ವಿಷಯ ಹುಡುಕಿ, ಅದರಿಂದ ಒಂದು ಕತೆ ಕಟ್ಟಿ ತನ್ನಿ ಎಂದು ಮಿಸ್ ಟೈರ್ನಿ ಕ್ಲಾಸಿಗೆಲ್ಲ ಹೇಳಿದ್ದರು. ಶುಕ್ರವಾರ ಸಂಜೆ ಊರಿನ ಹಾಲ್‌ನಲ್ಲಿ ಎಲ್ಲರ ಮುಂದೆ ಅದನ್ನು ಓದಬೇಕು. ಉನಾಳಿಗೆ ತನ್ನ ಮನೆಯಲ್ಲಿ ಹುಡುಕಿದರೂ ಏನೂ ಸಿಕ್ಕಿರಲಿಲ್ಲ. ಕೇಳಿದಾಗಲೆಲ್ಲ ಅಜ್ಜಿ, "ನಮ್ಮದೇನಿದೆ ಮಗಾ, ದನ ಕಾದ್ರು, ಆಲೂಗಡ್ಡೆ ಬೆಳೆದ್ರು, ಸತ್ರು" ಎಂದು ಮೂರೇ ಮಾತಿನಲ್ಲಿ ಮುಗಿಸುತ್ತಿದ್ದರು. ಮೂರು ಮಾತಿನಲ್ಲಿ ಯಾವ ಕತೆ ಆಗುತ್ತದೆ?

ಕತೆ ಸಿಕ್ಕಿದ್ದು ಗೆಳತಿ ಸೈವ್‌ಳ ಮನೆಯಲ್ಲಿ. ಅವಳ ತಾತ ಮಾರ್ಟಿನ್ ಹೇಳಿದ್ದು. ಬಹಳ ಹಿಂದೆ ಧಣಿ ಗೇಣಿ ಏರಿಸಿದ. ಸೈವ್‌ಳ ಹಿರಿಯರಿಗೆ ಕೊಡಲಾಗಲಿಲ್ಲ. ಚಳಿಗಾಲದಲ್ಲೇ ಅವರನ್ನು ಒಕ್ಕಲೆಬ್ಬಿಸಿ, ಮನೆಯ ಸೂರನ್ನೂ ಕೆಡವಿಸಿದ. ಹಾಗೆ ಒಕ್ಕಲೆದ್ದವರ ಹೊಲವನ್ನು ಬೇರೆ ಯಾರೂ ಗೇಣಿಗೆ ಹಿಡಿಯಬಾರದು ಎಂಬುದು ಊರಿನ ಕಟ್ಟುಪಾಡು. ಆದರೂ ಊರಿನವನೇ ಒಬ್ಬ ಹೋಗಿ ಆ ಹೊಲ ಹಿಡಿದ. ಆಮೇಲೆ ಊರು ಅವನ ಜೊತೆ ಮಾತು ಬಿಟ್ಟಿತು. ಅಂಗಡಿಯವನು ಉಪ್ಪು ಕೊಡಲಿಲ್ಲ, ಕಮ್ಮಾರ ಕುದುರೆಗೆ ಲಾಳ ಹೊಡೆಯಲಿಲ್ಲ. ಚರ್ಚಿನಲ್ಲಿ ಅವನು ಕೂತರೆ ಆ ಬೆಂಚಿನವರೆಲ್ಲ ಎದ್ದುಹೋಗುತ್ತಿದ್ದರು.

"ಯಾರು ತಾತ ಅವನು?" ಎಂದು ಉನಾ ಕೇಳಿದ್ದಕ್ಕೆ ಮಾರ್ಟಿನ್, "ಯಾರೋ ಒಬ್ಬ ಬಿಡು" ಎಂದಿದ್ದರು.

ಯಾರೋ ಒಬ್ಬ ಎಂದ ಮೇಲೆ ಕೇಳಬೇಕೆ? ಉನಾ ಅವನಿಗೆ ಕಪ್ಪು ಗಡ್ಡ ಅಂಟಿಸಿದಳು. ಒಂದು ಕಣ್ಣು ಮೆಳ್ಳೆ ಮಾಡಿದಳು. ಅವನಿಗೆ ಮೊದಲು ಬೆನ್ನು ತಿರುಗಿಸಿ ನಿಂತ ಧೀರರು ತನ್ನ ಮನೆಯವರೇ ಎಂದೂ ಬರೆದುಬಿಟ್ಟಳು.

"ಅವನಿಗೆ ಗಡ್ಡ ಇರ್ಲಿಲ್ಲ. ಕೆಂಪು ಕೂದಲು, ನಿನ್ನ ಹಾಗೇ," ಎಂದರು ಅಜ್ಜಿ.

ಉನಾಳ ಕೈ ತಾನಾಗಿ ತನ್ನ ಜಡೆಗೆ ಹೋಯಿತು.

ಅಜ್ಜಿ ತಲೆ ಎತ್ತದೆಯೇ ಉಳಿದದ್ದನ್ನು ಹೇಳಿದರು. ಅವನ ಹೆಸರು ಫೆಲಿಮ್ ಡರ್ಕನ್. ಆಗ ಇವರ ಮನೆ ಗುಡ್ಡದ ಮೇಲಿತ್ತು. ಅಲ್ಲಿ ಕಲ್ಲು ಬಿಟ್ಟು ಇನ್ನೇನೂ ಬೆಳೆಯುತ್ತಿರಲಿಲ್ಲ. ಮಕ್ಕಳು ಹಸಿದಿದ್ದರು. ಒಂದು ದಿನ ಅವನು ಧಣಿಯ ಬಾಗಿಲಿಗೆ ಹೋಗಿ, ತಲೆ ಬಗ್ಗಿಸಿ, ಆ ಹೊಲ ಕೇಳಿದ. ಈಗ ಉನಾಳ ಅಪ್ಪ ದನ ಮೇಯಿಸುವ ಕೆಳಗಿನ ಹೊಲವೇ ಅದು. ಚರ್ಚಿನಲ್ಲಿ ಬಾಗಿಲ ಪಕ್ಕದ ಕೊನೇ ಬೆಂಚಿನಲ್ಲಿ ಕೂರುವ ರೂಢಿಯೂ ಆವತ್ತಿನದೇ. ಪೂಜೆ ಮುಗಿದ ಕೂಡಲೇ ಕಾರಿಗೆ ಓಡುವುದಕ್ಕೆ ಅಲ್ಲಿ ಕೂರುತ್ತೇವೆ ಎಂದು ಉನಾ ಇಷ್ಟು ದಿನ ಅಂದುಕೊಂಡಿದ್ದಳು.

"ಅವನಿಗೊಬ್ಬಳು ಮಗಳಿದ್ದಳು, ನಿನ್ನಷ್ಟೇ ವಯಸ್ಸು. ಸ್ಕೂಲಲ್ಲಿ ಅವಳ ಪಕ್ಕ ಯಾರೂ ಕೂರ್ತಿರ್ಲಿಲ್ಲ. ನನ್ನ ಅಜ್ಜಿ ಅವಳು. ಸಾಯೋವರೆಗೂ ಬಾಗಿಲ ಹತ್ರಾನೇ ಕೂತಳು."

"ಸೈವ್‌ಗೆ ಗೊತ್ತಾ?"

"ಮಾರ್ಟಿನ್‌ಗೆ ಗೊತ್ತಿಲ್ದೆ ಇರುತ್ತಾ? ಮೊಮ್ಮಗಳಿಗೆ ಹೇಳಿದಾರೋ ಇಲ್ವೋ." ಅಜ್ಜಿ ಮೇಜಿನ ಅಂಚನ್ನು ಹಿಡಿದುಕೊಂಡರು. "ಅದನ್ನ ಓದ್ಬೇಡ ಮಗಾ. ಬೇರೆ ಏನಾದ್ರೂ ಬರಿ. ನಾಯಿ ಕತೆ ಬರಿ."

ಹೋರಿ ಅಡ್ಡ ಬಂದರೂ ಕೋಲು ಬೀಸಿ ಓಡಿಸುವ ಅಜ್ಜಿ ಅವರು. ಅವರೇ ಹೀಗೆ ಹೆದರಿದರೆ ಇದು ಎಂಥಾ ದೊಡ್ಡ ಸಂಗತಿ ಇರಬೇಕು ಎಂದು ಉನಾಳಿಗೆ ಇನ್ನೂ ಹೆಚ್ಚು ಭಯವಾಯಿತು.

ಮರುದಿನ ಬಸ್ಸಿನಲ್ಲಿ ಸೈವ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ಹಾಯ್" ಎಂದರೆ ತಿರುಗಲೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗಾಯಿತು ಉನಾಳ ಸ್ಥಿತಿ. ಗೊತ್ತಾಗಿಹೋಯಿತು, ಮಾತು ಬಿಟ್ಟಳು, ಇನ್ನು ಇಡೀ ಕ್ಲಾಸು ಬಿಡುತ್ತದೆ ಎಂದು ಅವಳು ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಸ್ಕೂಲು ಬಂದಾಗ ಸೈವ್ ಬಾಯಿ ತೆರೆದು ಅಲ್ಲಾಡುವ ಹಲ್ಲೊಂದನ್ನು ತೋರಿಸಿದಳು. ಮಾತಾಡಿದರೆ ಎಲ್ಲಿ ಉದುರುತ್ತದೋ ಎಂದು ಸುಮ್ಮನಿದ್ದಳಂತೆ.

ಸಂಜೆ ಸಕ್ಕರೆ ತರಲು ಹೋದಾಗ ಅಂಗಡಿಯಾತನೂ ಮಾತಾಡಲಿಲ್ಲ. ಉನಾ ಸಕ್ಕರೆ ಬಿಟ್ಟು ಓಡಿಬರುವುದರಲ್ಲಿದ್ದಳು. ಅಷ್ಟರಲ್ಲಿ ಅವನು ಕಿವಿಯಲ್ಲಿದ್ದ ಫೋನು ತೆಗೆದು, "ಏನಮ್ಮಾ ಬೇಕು?" ಎಂದ.

ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕಪ್ಪು ಗಡ್ಡ ಇದ್ದ ಹಾಗೇ ಇರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಹಾಗೆಂದುಕೊಂಡು ಗುರುವಾರ ಉನಾ ಕತೆಯನ್ನು ಮತ್ತೊಮ್ಮೆ ಓದಿದಳು. ಊರವರೆಲ್ಲ ಗಡ್ಡದವನಿಗೆ ಬೆನ್ನು ತಿರುಗಿಸುವ ಜಾಗ ಬಂತು. ಅವಳು ಅತಿ ಖುಷಿಯಿಂದ ಬರೆದಿದ್ದ ಜಾಗ ಅದು. ಆದರೆ ಈಗ ಅವನ ಹಿಂದೆ ಒಬ್ಬ ಹುಡುಗಿ ನಿಂತಂತೆ ಕಂಡಿತು. ಅವನನ್ನು ಅಂಗಡಿಗೆ ಕಳಿಸಿದರೆ ಅವಳೂ ಅಂಗಡಿಗೆ ಬಂದಳು, ಚರ್ಚಿಗೆ ಕಳಿಸಿದರೆ ಚರ್ಚಿಗೂ ಬಂದಳು. ಉನಾ ಹಾಳೆಗಳನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಬರೆಯತೊಡಗಿದಳು.

ಶುಕ್ರವಾರ ಬಸ್ಸಿನಲ್ಲಿ ಸೈವ್‌ಗೆ ಮೊದಲೇ ಹೇಳಿಬಿಡಬೇಕು ಎಂದುಕೊಂಡಳು. ಬಾಯಿ ಬರಲಿಲ್ಲ. ಹಲ್ಲು ಉದುರಿದ ಖುಷಿಗೆ ಸೈವ್ ದಾರಿಯುದ್ದಕ್ಕೂ ತಾನೇ ಮಾತಾಡಿದಳು.

ಸಂಜೆ ಹಾಲ್ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಾರ್ಟಿನ್, ಪಕ್ಕದಲ್ಲಿ ಸೈವ್. ಅಜ್ಜಿ ಬರುವುದಿಲ್ಲ ಬರುವುದಿಲ್ಲ ಎನ್ನುತ್ತಲೇ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದರು. ಉನಾ ವೇದಿಕೆ ಹತ್ತಿ ಹಾಳೆಗಳನ್ನು ಬಿಡಿಸಿಕೊಂಡಳು.

"ಹೊಲ ಹಿಡಿದವನ ಹೆಸರು ಫೆಲಿಮ್ ಡರ್ಕನ್," ಎಂದು ಅವಳು ಓದಿದಳು. "ಅವನು ನಮ್ಮ ಮನೆಯವನು."

ಎಲ್ಲೋ ಒಂದು ಕುರ್ಚಿ ಕಿರ್ ಎಂದಿತು. ಎದ್ದು ಹೋಗುತ್ತಿದ್ದಾರೆ ಎಂದುಕೊಂಡಳು ಉನಾ. ಕಣ್ಣೆತ್ತಿ ನೋಡುವ ಧೈರ್ಯವಿಲ್ಲದೆ ಓದುತ್ತಲೇ ಹೋದಳು. ಒಕ್ಕಲೆದ್ದವರು ಚಳಿಯಲ್ಲಿ ಮಕ್ಕಳನ್ನೆತ್ತಿಕೊಂಡು ನಡೆದದ್ದನ್ನು ಓದಿದಳು. ಫೆಲಿಮನ ಮಗಳು ಸ್ಕೂಲಿನಲ್ಲಿ ಒಬ್ಬಳೇ ಕೂತದ್ದನ್ನು ಓದಿದಳು. ಕೊನೆಗೆ ಆ ಹುಡುಗಿ ಹೊಸ ಹೊಲದ ಆಲೂಗಡ್ಡೆ ತಿನ್ನುತ್ತಾಳೆ. "ಅದು ರುಚಿಯಾಗಿತ್ತು. ಅದಕ್ಕೇ ಅವಳಿಗೆ ಅಳು ಬಂತು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮಾರ್ಟಿನ್ ಕೋಲೂರಿ ನಿಧಾನವಾಗಿ ಎದ್ದರು. ಉನಾಳಿಗೆ ಓಡಿಹೋಗಬೇಕೆನಿಸಿತು.

"ಆ ಹುಡುಗಿಗೆ ಹೆಸರಿಲ್ವಾ?" ಎಂದು ಅವರು ಕೇಳಿದರು.

"ನಂಗೆ ಗೊತ್ತಿಲ್ಲ, ತಾತ."

"ಹನೋರಾ," ಎಂದಿತು ಹಿಂದಿನಿಂದ ಒಂದು ದನಿ.

ಎಲ್ಲರೂ ತಿರುಗಿ ನೋಡಿದರು. ಅಜ್ಜಿ ಎದ್ದು ನಿಂತಿದ್ದರು. ಒಂದು ಕೈ ಬಾಗಿಲ ಹಿಡಿಯ ಮೇಲಿತ್ತು. "ಹನೋರಾ ಅಂತ. ಮನೇಲಿ ನೋರಾ ಅಂತಿದ್ರು."

ಮಾರ್ಟಿನ್ ಆ ಹೆಸರನ್ನು ತಮ್ಮಷ್ಟಕ್ಕೆ ಒಮ್ಮೆ ಹೇಳಿ ನೋಡಿದರು. "ನಮ್ಮ ಮನೇಲಿ ಯಾರೂ ಹೆಸರು ಹೇಳ್ತಿರ್ಲಿಲ್ಲ. ಅವನ ಮಗಳು ಅಂತಿದ್ರು, ಅಷ್ಟೆ," ಎಂದು ಹೇಳಿ ಕೂತರು.

ಮಿಸ್ ಟೈರ್ನಿ ಗಂಟಲು ಸರಿಮಾಡಿಕೊಂಡು ಮುಂದಿನವನನ್ನು ಕರೆದರು. ಅವನು ತನ್ನ ಮುತ್ತಜ್ಜ ದನದ ಸಂತೆಯಲ್ಲಿ ಮೋಸಹೋದ ಕತೆ ಓದಿದ. ಜನ ಬೇಕಾದ್ದಕ್ಕಿಂತ ಜೋರಾಗಿ ನಕ್ಕರು.

ಹೊರಗೆ ಸೈವ್ ಕಾದು ನಿಂತಿದ್ದಳು. ಮುಖ ಊದಿಸಿಕೊಂಡಿದ್ದಳು.

"ಬಸ್ಸಲ್ಲೇ ಹೇಳ್ಬಹುದಿತ್ತು ನೀನು."

"ಹೆದರಿಕೆ ಆಯ್ತು ಕಣೇ."

"ನಾನೇನು ತಿಂದುಬಿಡ್ತಿದ್ನಾ?" ಸೈವ್ ಸ್ವಲ್ಪ ಯೋಚಿಸಿದಳು. "ಸೋಮವಾರ ನಿನ್ನ ಜೊತೆ ಮಾತಾಡಲ್ಲ. ಮಂಗಳವಾರದಿಂದ ಮಾತಾಡ್ತೀನಿ."

ಅದು ಸರಿಯೇ ಎಂದು ಉನಾಳಿಗೂ ಅನಿಸಿತು.

ಅಜ್ಜಿ ಬಂದು ಅವಳ ಕೈ ಹಿಡಿದರು. ಅಜ್ಜಿಯ ಕೈ ಮಂಜಿನ ಹಾಗೆ ತಣ್ಣಗಿತ್ತು, ಇನ್ನೂ ನಡುಗುತ್ತಿತ್ತು. ಮೊಮ್ಮಗಳು ಹೆದರದಿರಲಿ ಎಂದು ಅಜ್ಜಿ ಕೈ ಹಿಡಿಯುತ್ತಾರೆ ಎಂದೇ ಉನಾ ಇಷ್ಟು ದಿನ ತಿಳಿದಿದ್ದಳು; ಹೆದರಿಕೆ ಅಜ್ಜಿಗೇ ಇತ್ತು. ನೋರಾಳೂ ಹೀಗೇ ಅಜ್ಜಿಯ ಕೈ ಹಿಡಿದು ನಡೆದಿರಬೇಕು, ಅಜ್ಜಿ ಆಗ ಪುಟ್ಟ ಹುಡುಗಿ.

ಕಾರಿನ ಹತ್ತಿರ ಬಂದರೂ ಉನಾ ಆ ಕೈ ಬಿಡಲಿಲ್ಲ. ಬಾಗಿಲನ್ನು ಎಡಗೈಯಲ್ಲೇ ತೆಗೆದಳು.